ಇಸು ಎಂಬ ಕುರ್ಚಿ

ಕನ್ನಡ ವ್ಯಾಕರಣವನ್ನು ಬಾಲ್ಯದಲ್ಲಿ ಬೆತ್ತದ ಭಯದಿಂದ ಕಲಿತವರಿಗೆ ‘ಇಸು’ ಎಂಬ ಎರಡಕ್ಷರ ಅಪರಿಚಿತವಲ್ಲ. ಸಂಸ್ಕೃತದ ನಾಮಪದವೊಂದು ಕನ್ನಡದ ಮನೆಗೆ ಬಂದು ಕ್ರಿಯಾಪದವಾಗಿ ದುಡಿಯಬೇಕಾದಾಗ ಅದಕ್ಕೆ ಈ ಪ್ರತ್ಯಯವೇ ಆಧಾರ. ಭಾವ ಭಾವಿಸುವುದಾಗುತ್ತದೆ, ಧ್ಯಾನ ಧ್ಯಾನಿಸುವುದಾಗುತ್ತದೆ. ಮಾಡುವವನಿಂದ ಮಾಡಿಸುವುದೂ ಓದದವನನ್ನು ಓದಿಸುವುದೂ ಇದರ ಬಲದಿಂದಲೇ. ಇನ್ನೂ ಹಿಂದಕ್ಕೆ ಸರಿದು ಪಂಪನ ಕಾಲದ ಕನ್ನಡಕ್ಕೆ ಹೋದರೆ ‘ಇಸು’ ಎಂದರೆ ಬಾಣ ಬಿಡು ಎಂದೇ ಅರ್ಥ. ಹೀಗೆ ರಣರಂಗದಲ್ಲಿಯೂ ವ್ಯಾಕರಣದ ತರಗತಿಯಲ್ಲಿಯೂ ಒಂದು ಕ್ಷಣ ಸುಮ್ಮನೆ ಕೂರಲೊಲ್ಲದ ಈ ಶಬ್ದವು, ಜಪಾನೀ ಭಾಷೆಯಲ್ಲಿ ಕುರ್ಚಿಯೆಂಬ ಅರ್ಥವನ್ನು ಹೊತ್ತು ನಾಲ್ಕು ಕಾಲಿನ ಮೇಲೆ ನಿಶ್ಚಲವಾಗಿ ನಿಂತಿರುವುದನ್ನು ಕಂಡ ದಿನ ನನಗಾದ ವಿನೋದ ಅಷ್ಟಿಷ್ಟಲ್ಲ.

ಕಂಡದ್ದು ಪಠ್ಯಪುಸ್ತಕದಲ್ಲಿ. ‘ಮಿನ್ನ ನೊ ನಿಹೊಂಗೊ’, ಅಂದರೆ ‘ಎಲ್ಲರ ಜಪಾನೀ’, ಎಂಬ ಪುಸ್ತಕವನ್ನು ಜಪಾನೀ ಕಲಿಯಹೊರಟವರಲ್ಲಿ ಮುಟ್ಟದವರು ವಿರಳ. ಅದರ ಎರಡನೆಯ ಪಾಠದಲ್ಲಿ ಪುಸ್ತಕ, ನಿಘಂಟು, ಕೊಡೆ, ಚೀಲಗಳೆಂಬ ಬಡ ಸಂಸಾರದ ಸಾಮಗ್ರಿಗಳ ನಡುವೆ ‘ತ್ಸುಕುಎ’ ಎಂಬ ಬರೆಯುವ ಮೇಜೂ ‘ಇಸು’ ಎಂಬ ಕುರ್ಚಿಯೂ ಒಂದರ ಪಕ್ಕ ಒಂದು ಬರುತ್ತವೆ. ಬೆಂಗಳೂರಿನಲ್ಲಿ ಈಗ ಈ ಭಾಷೆಯನ್ನು ಕಲಿಯುವ ತರುಣರಿಗೆ ಕೊರತೆಯಿಲ್ಲ. ಬಿಡದಿಯ ಮೋಟಾರು ಕಾರ್ಖಾನೆಯ ಉದ್ಯೋಗವೋ, ಟೋಕಿಯೋದ ಗಣಕಯಂತ್ರದ ಕಚೇರಿಯೋ ಅವರ ಕಣ್ಣ ಮುಂದಿರುತ್ತದೆ. ಯಾವ ಪ್ರಯೋಜನವೂ ಕಣ್ಣ ಮುಂದಿಲ್ಲದ ನನ್ನಂಥ ನಿವೃತ್ತನು ಅವರ ನಡುವೆ ಹಿಂದಿನ ಸಾಲಿನಲ್ಲಿ ಕುಳಿತು, ಅಧ್ಯಾಪಿಕೆ ತಮ್ಮ ಕುರ್ಚಿಯ ಬೆನ್ನನ್ನು ಅಂಗೈಯಿಂದ ತಟ್ಟುತ್ತ ‘ಕೊರೆ ವ ಇಸು ದೆಸ್’ ಎಂದಾಗ ‘ಇದು ಕುರ್ಚಿ’ ಎಂದು ಅರಿತು, ಎಲ್ಲರೊಡನೆ ರಾಗವಾಗಿ ಒಪ್ಪಿಸುತ್ತಿದ್ದೆ.

ಈ ಭಾಷೆ ಕಠಿನವೆಂಬ ಪ್ರತೀತಿಯಲ್ಲಿ ಅರ್ಧ ಮಾತ್ರ ಸತ್ಯವಿದೆ. ಲಿಪಿ ಕಠಿನ, ಆದರೆ ನಾಲಗೆಗೆ ಹಾಗೂ ಮನಸ್ಸಿಗೆ, ಅದರಲ್ಲೂ ಕನ್ನಡಿಗನ ಮನಸ್ಸಿಗೆ, ಭಾಷೆ ಅಷ್ಟು ದೂರದ್ದಲ್ಲ. ವ್ಯಂಜನದಲ್ಲಿ ಕೊನೆಗೊಳ್ಳುವ ಪರಭಾಷಾ ಶಬ್ದವನ್ನು ಬರಿಗಾಲಿನಲ್ಲಿ ಬಿಡಲೊಪ್ಪದೆ ಅದಕ್ಕೊಂದು ಸ್ವರವನ್ನು ತೊಡಿಸಿ ಮನೆಯೊಳಕ್ಕೆ ಕರೆದುಕೊಳ್ಳುವುದು ನಮ್ಮ ಪದ್ಧತಿ. ಅವರದೂ ಅದೇ. ನಮಗೆ ಬಸ್ಸು, ಅವರಿಗೆ ಬಸು. ನಮಗೆ ಡೆಸ್ಕು, ಅವರಿಗೆ ದೆಸುಕು. ನಮ್ಮ ಬೆಂಚು ಅಲ್ಲಿ ಬೆಂಚಿಯಾದರೆ, ನಮ್ಮ ಟೇಬಲ್ಲು ಅಲ್ಲಿ ಟೇಬುರು. ‘ಇಸು’ವಿನ ಕೊನೆಯ ಉಕಾರವನ್ನು ಮಾತ್ರ ನಮ್ಮಂತೆ ತುಟಿಯನ್ನು ದುಂಡಾಗಿ ಮುಂದೆ ಚಾಚಿ ಹೇಳಬಾರದು, ತುಟಿಯನ್ನು ಇದ್ದಲ್ಲೇ ಬಿಟ್ಟು, ‘ಇ’ಯನ್ನು ಕೊಂಚ ತಗ್ಗಿನಲ್ಲಿ, ‘ಸು’ವನ್ನು ಕೊಂಚ ಏರಿನಲ್ಲಿ ನುಡಿಯಬೇಕು. ಇನ್ನೊಂದು ಎಚ್ಚರ ನಮ್ಮವರಿಗೇ ವಿಶೇಷವಾಗಿ ಬೇಕಾದದ್ದು. ಶಂಕರನನ್ನು ಸಂಕರನೆನ್ನುವ, ಸಂಜೆಯನ್ನು ಶಂಜೆಯೆನ್ನುವ ನಾಲಗೆ ಇಲ್ಲಿ ಸ್ವಲ್ಪ ಜಾರಿದರೆ ಅರ್ಥವೇ ಜಾರುತ್ತದೆ, ಏಕೆಂದರೆ ‘ಇಶಿ’ ಎಂದರೆ ಕಲ್ಲು. ನಮ್ಮ ತರಗತಿಯ ಒಬ್ಬ ಹುಡುಗ, ಬಂದ ಅತಿಥಿಗೆ ಕಲ್ಲಿನ ಮೇಲೆ ಕೂರುವಂತೆ ಅತ್ಯಂತ ವಿನಯದಿಂದ ಪ್ರಾರ್ಥಿಸಿ ಎಲ್ಲರನ್ನೂ ನಗಿಸಿದ. ಆ ತಪ್ಪಿನಲ್ಲಿಯೂ ಒಂದು ಐತಿಹ್ಯ ಅಡಗಿದೆಯೆಂದು ನನಗೆ ಆಗ ಗೊತ್ತಿರಲಿಲ್ಲ. ಅದನ್ನು ಮುಂದೆ ಹೇಳುತ್ತೇನೆ.

ವಾಕ್ಯಕ್ಕೆ ಬಂದರಂತೂ ಪರಿಚಯದ ಭಾವ ಇನ್ನೂ ಗಾಢವಾಗುತ್ತದೆ. ಅಧ್ಯಾಪಿಕೆ ಒಂದು ದಿನ ಕುರ್ಚಿಯ ಮೇಲೆ ಬೆಕ್ಕಿನ ಚಿತ್ರವೊಂದನ್ನಿಟ್ಟು ‘ಇಸು ನೊ ಉಎ ನಿ ನೆಕೊ ಗ ಇಮಸ್’ ಎಂದರು. ಇಂಗ್ಲಿಷಿನಲ್ಲಿ ಯೋಚಿಸುವ ಹುಡುಗರು ಆ ವಾಕ್ಯವನ್ನು ತಲೆಕೆಳಗು ಮಾಡಿ ಅರ್ಥೈಸುತ್ತಿದ್ದಾಗ, ನಾನು ಅದನ್ನು ಇದ್ದ ಹಾಗೆಯೇ ಒಂದೊಂದು ಮಣಿಯಾಗಿ ಪೋಣಿಸಿಕೊಂಡೆ: ಕುರ್ಚಿ, ಅದರ ಷಷ್ಠೀ ವಿಭಕ್ತಿ, ಮೇಲು, ಸಪ್ತಮೀ ವಿಭಕ್ತಿ, ಬೆಕ್ಕು, ಇದೆ. ಕುರ್ಚಿಯ ಮೇಲೆ ಬೆಕ್ಕು ಇದೆ. ಪದಗಳು ಬೇರೆ, ಅವು ಕುಳಿತ ಪಂಕ್ತಿ ಒಂದೇ. ‘ಕೊರೆ, ಸೊರೆ, ಅರೆ’ ಎಂದು ಹತ್ತಿರದ್ದಕ್ಕೊಂದು, ನಡುವಣದಕ್ಕೊಂದು, ದೂರದ್ದಕ್ಕೊಂದು ಸರ್ವನಾಮವಿರುವುದನ್ನು ಕಂಡು ಹುಡುಗರು ಬೆರಗಾದರು. ಹಳಗನ್ನಡದಲ್ಲಿ ನಮಗೂ ‘ಇದು, ಉದು, ಅದು’ ಎಂದು ಮೂರು ನೆಲೆಗಳಿದ್ದವೆಂದೂ, ನಡುವಣ ಉಕಾರವನ್ನು ನಾವೇ ದಾರಿಯಲ್ಲೆಲ್ಲೋ ಕಳೆದುಕೊಂಡೆವೆಂದೂ ಹೇಳಬೇಕೆನಿಸಿತು, ಆದರೆ ವಯಸ್ಸಾದ ವಿದ್ಯಾರ್ಥಿ ಹೆಚ್ಚು ಮಾತಾಡಬಾರದೆಂಬ ವಿವೇಕ ತಡೆಯಿತು.

ಆ ಬೆಕ್ಕಿನ ವಾಕ್ಯದಲ್ಲಿ ಇನ್ನೊಂದು ಸೂಕ್ಷ್ಮವಿದೆ. ಕುರ್ಚಿ ಇದೆಯೆನ್ನುವಾಗ ಜಪಾನೀಯರು ‘ಅರಿಮಸ್’ ಎನ್ನುತ್ತಾರೆ. ಬೆಕ್ಕು ಇದೆಯೆನ್ನುವಾಗ ‘ಇಮಸ್’. ಪ್ರಾಣವಿಲ್ಲದ್ದರ ಇರವಿಗೆ ‘ಅರು’ ಎಂಬುದು ಧಾತು, ಪ್ರಾಣವುಳ್ಳದ್ದರ ಇರವಿಗೆ ‘ಇರು’. ಹೌದು, ನಮ್ಮದೇ ‘ಇರು’ವಿನಂತೆ ಕಿವಿಗೆ ಬೀಳುವ ಇರು. ಕನ್ನಡದಲ್ಲಿಯೂ ಇರವು ಎರಡು ಬಗೆಯಲ್ಲಿ ಒಡೆಯುತ್ತದೆ, ಆದರೆ ನಾವು ಗೆರೆ ಎಳೆದ ಜಾಗ ಬೇರೆ: ನಮ್ಮಲ್ಲಿ ಅಣ್ಣ ಇದ್ದಾನೆ, ಬೆಕ್ಕು ಇದೆ, ಕುರ್ಚಿ ಇದೆ. ಮನುಷ್ಯರನ್ನೂ ದೇವತೆಗಳನ್ನೂ ಒಂದು ಕಡೆಗಿಟ್ಟು, ಬೆಕ್ಕನ್ನು ಕುರ್ಚಿಯೊಡನೆ ನಪುಂಸಕಲಿಂಗದಲ್ಲಿ ಕೂರಿಸಿದವರು ನಾವು. ಬೆಕ್ಕನ್ನು ಅಣ್ಣನೊಡನೆ ಕೂರಿಸಿ, ಕುರ್ಚಿಯನ್ನು ಮಾತ್ರ ಹೊರಗಿಟ್ಟವರು ಅವರು. ಯಾವುದು ಹೆಚ್ಚು ನ್ಯಾಯವೆಂದು ಬೆಕ್ಕನ್ನು ಕೇಳಿದರೆ ಉತ್ತರ ಊಹಿಸುವುದು ಕಷ್ಟವಲ್ಲ. ಇಂಥ ಹೋಲಿಕೆಗಳನ್ನು ಕೂಡಿಹಾಕುತ್ತ ಹೋದರೆ ಅಪಾಯವೂ ಉಂಟು. ಸುಸುಮು ಓನೊ ಎಂಬ ಪ್ರಸಿದ್ಧ ಜಪಾನೀ ಭಾಷಾವಿದ್ವಾಂಸರು ತಮ್ಮ ಭಾಷೆಗೂ ತಮಿಳಿಗೂ ಸಂಬಂಧವುಂಟೆಂದು ವರ್ಷಗಟ್ಟಲೆ ವಾದಿಸಿದರು. ಭಾಷಾವಿಜ್ಞಾನಿಗಳಲ್ಲಿ ಬಹುಪಾಲು ಜನ ಒಪ್ಪಲಿಲ್ಲ. ನನಗೂ ಒಪ್ಪಬೇಕೆನಿಸುವುದಿಲ್ಲ. ಎರಡು ‘ಇರು’ಗಳು ದಾರಿಯಲ್ಲಿ ಆಕಸ್ಮಿಕವಾಗಿ ಎದುರಾದ ಒಂದೇ ಹೆಸರಿನ ಇಬ್ಬರಂತೆ ನಕ್ಕು ಮುಂದೆ ಸಾಗಲಿ, ನೆಂಟಸ್ತನ ಬೆಳೆಸುವುದು ಬೇಡ.

ಲಿಪಿಯ ವಿಚಾರ ಸಂಕ್ಷೇಪವಾಗಿ ಹೇಳಿ ಮುಗಿಸುವೆ, ಏಕೆಂದರೆ ಅಲ್ಲಿ ನಾನು ಅನುಭವಿಸಿದ್ದು ವಿನೋದಕ್ಕಿಂತ ಹೆಚ್ಚಾಗಿ ಬೆರಳುನೋವು. ಚೀನೀ ಮೂಲದ ಲಿಪಿಯಲ್ಲಿ ‘ಇಸು’ವಿಗೆ ಎರಡು ಚಿಹ್ನೆಗಳು. ಮೊದಲನೆಯದಕ್ಕೆ ಹನ್ನೆರಡು ಗೆರೆ; ಎಡಕ್ಕೆ ಮರದ ಚಿತ್ರ, ಬಲಕ್ಕೆ ಉಚ್ಚಾರಣೆಯನ್ನು ಸೂಚಿಸಲು ಬಂದ, ‘ವಿಚಿತ್ರ’ ಎಂಬ ಅರ್ಥದ ಇನ್ನೊಂದು ಚಿಹ್ನೆ. ಎರಡನೆಯದು ‘ಮಗು’ ಎಂಬ ಚಿಹ್ನೆಯಾದರೂ ಇಲ್ಲಿ ಬರಿಯ ನಾಮಪ್ರತ್ಯಯ. ವಿಚಿತ್ರ ಮರದ ಕೂಸು ಎಂದು ನೆನಪಿಟ್ಟುಕೊಂಡರೆ ಮರೆಯುವುದಿಲ್ಲ. ವಾಸ್ತವವಾಗಿ ಆ ಮೊದಲ ಚಿಹ್ನೆ ಆದಿಯಲ್ಲಿ ಒಂದು ಜಾತಿಯ ಮರದ ಹೆಸರಾಗಿತ್ತು. ಒರಗು ಎಂಬರ್ಥದ ಸಮಾನೋಚ್ಚಾರಣೆಯ ಶಬ್ದವೊಂದಕ್ಕಾಗಿ ಅದನ್ನು ಎರವಲು ತಂದು, ಒರಗಲು ಬೆನ್ನುಳ್ಳ ಪೀಠಕ್ಕೆ ಅಂಟಿಸಿದರು. ಜಪಾನಿನ ಸರಕಾರ ನಿತ್ಯವ್ಯವಹಾರಕ್ಕೆ ಇಷ್ಟು ಚಿಹ್ನೆಗಳು ಸಾಕೆಂದು 1946ರಲ್ಲಿ 1850 ಚಿಹ್ನೆಗಳ ಪಟ್ಟಿಯನ್ನೂ 1981ರಲ್ಲಿ 1945 ಚಿಹ್ನೆಗಳ ಪಟ್ಟಿಯನ್ನೂ ಪ್ರಕಟಿಸಿದಾಗ, ಪ್ರತಿಯೊಂದು ಶಾಲೆಯಲ್ಲಿ ಪ್ರತಿಯೊಂದು ಮಗುವೂ ದಿನವಿಡೀ ಕೂರುವ ಈ ವಸ್ತುವಿನ ಚಿಹ್ನೆಗೆ ಎರಡರಲ್ಲಿಯೂ ಸ್ಥಾನ ಸಿಗಲಿಲ್ಲ. 2010ರ ಪರಿಷ್ಕರಣದಲ್ಲಿ, ಪಟ್ಟಿ 2136ಕ್ಕೆ ಬೆಳೆದಾಗ, ಕುರ್ಚಿಗೆ ಕೊನೆಗೂ ಕೂರಲೊಂದು ಜಾಗವಾಯಿತು.

ಈಗ ಆ ಹುಡುಗನ ಕಲ್ಲಿನ ಕಥೆ. ‘ಮಗು’ ಎಂಬ ಚಿಹ್ನೆಯ ರೂಢಿಯ ಉಚ್ಚಾರಣೆ ‘ಶಿ’. ಟೋಪಿಗೆ ‘ಬೋಶಿ’ ಎನ್ನುವಾಗ ಅದು ಶಿಯಾಗಿಯೇ ಇದೆ. ಆದರೆ ಕುರ್ಚಿಯಲ್ಲಿಯೂ, ‘ಸೆನ್ಸು’ ಎಂಬ ಮಡಿಸುವ ಬೀಸಣಿಗೆಯಲ್ಲಿಯೂ ಅದು ‘ಸು’. ಒಂದೇ ಅಕ್ಷರಕ್ಕೆ ಎರಡು ಉಚ್ಚಾರಣೆ ಏಕೆ? ಒಂದೇ ಸಂಸ್ಕೃತ ಶಬ್ದವು ಒಮ್ಮೆ ಪ್ರಾಕೃತದ ಕೈಹಿಡಿದು ಬಂದು ಬಣ್ಣವೆಂದೂ, ಇನ್ನೊಮ್ಮೆ ಪಂಡಿತರ ಕೈಹಿಡಿದು ಬಂದು ವರ್ಣವೆಂದೂ ನಮ್ಮಲ್ಲಿ ನೆಲಸಿದುದನ್ನು ಬಲ್ಲವರಿಗೆ ಇದು ಸೋಜಿಗವಲ್ಲ. ಚೀನಾದ ಶಬ್ದಗಳು ಜಪಾನಿಗೆ ಒಂದೇ ಹಡಗಿನಲ್ಲಿ ಬರಲಿಲ್ಲ. ಮೊದಲು ಬಂದವು ಆಗಿನ ಉಚ್ಚಾರಣೆಯನ್ನು ತಂದವು, ಶತಮಾನಗಳು ಕಳೆದು ಝೆನ್ ಭಿಕ್ಷುಗಳೊಡನೆಯೂ ವರ್ತಕರೊಡನೆಯೂ ಬಂದವು ಚೀನಾದಲ್ಲಿ ಅಷ್ಟರೊಳಗೆ ಬದಲಾಗಿದ್ದ ಉಚ್ಚಾರಣೆಯನ್ನು ತಂದವು. ‘ಸು’ ಎಂಬುದು ಈ ಎರಡನೆಯ ಅಲೆಯ ಗುರುತು. ಅದಕ್ಕೆ ಮೊದಲು, ಹೇಆನ್ ಕಾಲದ ಅರಮನೆಯಲ್ಲಿ, ಚಕ್ರವರ್ತಿಯೂ ಕೆಲವೇ ಉನ್ನತ ಕುಲೀನರೂ ಏರಬಹುದಾಗಿದ್ದ ಪೀಠವನ್ನು ‘ಇಶಿ’ ಎಂದೇ ಕರೆಯುತ್ತಿದ್ದರು. ನಮ್ಮ ಹುಡುಗನ ಉಚ್ಚಾರಣೆ ಸಾವಿರ ವರ್ಷಕ್ಕೆ ತಡವಾಯಿತೇ ಹೊರತು ತಪ್ಪೆನ್ನುವಂತಿಲ್ಲ.

ಶಬ್ದವನ್ನು ಬಿಟ್ಟು ವಸ್ತುವನ್ನು ಹಿಡಿದು ಹೊರಟರೆ ದಾರಿ ಇನ್ನೂ ಹಿಂದಕ್ಕೆ, ಇನ್ನೂ ಪಶ್ಚಿಮಕ್ಕೆ, ಕೊನೆಗೆ ನಮ್ಮ ಬಾಗಿಲಿನ ಸಮೀಪಕ್ಕೇ ಬರುತ್ತದೆ. ಪ್ರಾಚೀನ ಚೀನೀಯರೂ ಚಾಪೆಯ ಮೇಲೆ ಮೊಣಕಾಲೂರಿ ಕೂರುತ್ತಿದ್ದವರೇ. ಎರಡನೆಯ ಶತಮಾನದಲ್ಲಿ, ಹಾನ್ ವಂಶದ ಕೊನೆಗಾಲದಲ್ಲಿ, ಲಿಂಗ್ ಎಂಬ ಚಕ್ರವರ್ತಿಗೆ ಪರದೇಶದ ಉಡುಪು, ಪರದೇಶದ ಊಟ, ಪರದೇಶದ ಸಂಗೀತಗಳಲ್ಲಿ ಇದ್ದ ವ್ಯಾಮೋಹವನ್ನು ಹೇಳುವಾಗ, ಚರಿತ್ರಕಾರರು ‘ಹು ಚುವಾಂಗ್’ ಎಂಬ ಮಡಿಸುವ ಪೀಠವನ್ನೂ ಆ ಆಕ್ಷೇಪಣೀಯ ಪಟ್ಟಿಗೆ ಸೇರಿಸಿದ್ದಾರೆ. ಹು ಎಂದರೆ ಪಶ್ಚಿಮದ ಹಾಗೂ ಉತ್ತರದ ಮ್ಲೇಚ್ಛರು. ಬೆನ್ನುಳ್ಳ, ಎತ್ತರದ ನಿಜವಾದ ಕುರ್ಚಿ ಬಂದದ್ದು ಅನಂತರ. ಅದು ಭಾರತದ ಬೌದ್ಧ ವಿಹಾರಗಳಿಂದ ಭಿಕ್ಷುಗಳ ಮೂಲಕ ಚೀನಾದ ವಿಹಾರಗಳಿಗೆ ಹೋಗಿ, ಅಲ್ಲಿಂದ ಗೃಹಸ್ಥರ ಮನೆಗಳಿಗೆ ಹರಡಿತೆಂದು, ಬೌದ್ಧಧರ್ಮವು ಚೀನಾದ ಬಳಕೆಯ ವಸ್ತುಗಳ ಮೇಲೆ ಬೀರಿದ ಪ್ರಭಾವವನ್ನು ಕುರಿತು 2003ರಲ್ಲಿ ಗ್ರಂಥವನ್ನು ಬರೆದ ಜಾನ್ ಕೀಶ್ನಿಕ್ ಎಂಬ ವಿದ್ವಾಂಸರು ಪ್ರತಿಪಾದಿಸಿದ್ದಾರೆ. ಎಲ್ಲೋರದ ಹತ್ತನೆಯ ಗುಹೆಯಲ್ಲಿ, ಅಜಂತಾದ ಇಪ್ಪತ್ತಾರನೆಯ ಗುಹೆಯಲ್ಲಿ, ಕಾಲುಗಳನ್ನು ಕೆಳಗೆ ಇಳಿಬಿಟ್ಟು ಎತ್ತರದ ಪೀಠದಲ್ಲಿ ಕುಳಿತ ಬುದ್ಧನನ್ನು ನೋಡಿದವರಿಗೆ ಈ ಮಾತು ಅಸಂಭವವೆನಿಸದು. 838ರಲ್ಲಿ ಚೀನಾಕ್ಕೆ ಹೋದ ಎನ್ನಿನ್ ಎಂಬ ಜಪಾನೀ ಭಿಕ್ಷು, ತಾನು ಕಂಡುದನ್ನೆಲ್ಲ ದಿನಚರಿಯಲ್ಲಿ ಬರೆದಿಡುತ್ತಿದ್ದವನು, ಯಾಂಗ್‌ಝೌ ನಗರದಲ್ಲಿ ಅಧಿಕಾರಿಗಳು ಕುರ್ಚಿಗಳ ಮೇಲೆ ಕುಳಿತು ಚಹ ಕುಡಿದುದನ್ನು ದಾಖಲಿಸಿದ್ದಾನೆ. ಚಹದ ಬಟ್ಟಲನ್ನು ಮಾತ್ರವಲ್ಲ, ಅವರು ಕೂತ ಬಗೆಯನ್ನೂ ಬರೆಯಬೇಕೆಂದು ಅವನಿಗೆ ತೋರಿತಲ್ಲ! ನೆಲದ ಮೇಲೆ ಕೂರುವ ದೇಶದಿಂದ ಬಂದವನ ಕಣ್ಣಿಗೆ ಬಿದ್ದದ್ದು ಅದು.

ಜಪಾನಿಗೆ ಕುರ್ಚಿ ಹೊಸದೇನೂ ಅಲ್ಲ, ಆದರೆ ಸಾವಿರ ವರ್ಷ ಅದು ಅತಿಥಿಯಾಗಿಯೇ ಉಳಿಯಿತು. ನಾರಾ ನಗರದ ಶೋಸೋಇನ್ ಭಂಡಾರದಲ್ಲಿ, ಎಂಟನೆಯ ಶತಮಾನದ ಅರಗಿನ ಬಣ್ಣದ ಮರದ ಪೀಠವೊಂದಿದೆ. ಅದಕ್ಕೆ ಬೆನ್ನೂ ಇದೆ, ಕೈಗಳೂ ಇವೆ, ಆದರೆ ಕೂರುವ ಜಾಗ ಮಾತ್ರ ಕಾಲು ಮಡಿಸಿ ಕೂರುವಷ್ಟು ವಿಶಾಲ. ಝೆನ್ ಗುರುಗಳ ಪ್ರಾಚೀನ ಭಾವಚಿತ್ರಗಳನ್ನು ನೋಡಿದರೆ ಇದರ ಮರ್ಮ ತಿಳಿಯುತ್ತದೆ. ಗುರು ‘ಕ್ಯೊಕುರೊಕು’ ಎಂಬ ಬಾಗುಗೈಗಳ ಎತ್ತರದ ಕುರ್ಚಿಯಲ್ಲಿ ಗಂಭೀರವಾಗಿ ಆಸೀನನಾಗಿದ್ದಾನೆ. ಕಾಷಾಯದ ನಿರಿಗೆಗಳು ಕುರ್ಚಿಯ ಅಂಚನ್ನು ಮುಚ್ಚಿ ಇಳಿಬಿದ್ದಿವೆ. ಆ ನಿರಿಗೆಗಳ ಕೆಳಗೆ ಪಾದಗಳಿಗಾಗಿ ಹುಡುಕಿದರೆ ಪಾದಗಳಿಲ್ಲ. ಮುಂದಿರುವ ಪುಟ್ಟ ಕಾಲುಮಣೆಯ ಮೇಲೆ ಬರಿಯ ಪಾದರಕ್ಷೆಗಳು, ಜೊತೆಯಾಗಿ, ಒಡೆಯನಿಲ್ಲದೆ, ಕುಳಿತಿವೆ. ಗುರು ಮೇಲೆ ಚಕ್ಕಳಮಕ್ಕಳ ಹಾಕಿಕೊಂಡಿದ್ದಾನೆ. ಕುರ್ಚಿಯೇರಿದರೂ ನೆಲವನ್ನು ಬಿಡದ ಈ ಹಟ ನನಗೆ ತೀರ ಆತ್ಮೀಯವಾದದ್ದು. ನಮ್ಮ ಅಜ್ಜ ಊರಿನ ಪಂಚಾಯಿತಿಗೆ ಹೋದಾಗ ಕೊಟ್ಟ ಕುರ್ಚಿಯಲ್ಲಿ ಮೆಟ್ಟು ಕಳಚಿ, ಎರಡು ಕಾಲನ್ನೂ ಮೇಲಕ್ಕೆಳೆದುಕೊಂಡು, ಧೋತ್ರದಲ್ಲಿ ಮುಚ್ಚಿಕೊಂಡು ಕೂರುತ್ತಿದ್ದ. ಅವನ ಮುಂದೆಯೂ ಕೆಳಗೆ ಎರಡು ಮೆಟ್ಟುಗಳು ಹೀಗೆಯೇ ಕಾದಿರುತ್ತಿದ್ದವು.

ಕೂರುವುದಕ್ಕೆ ಜಪಾನಿನಲ್ಲಿ ಎರಡು ಕ್ರಿಯಾಪದಗಳಿರುವುದಕ್ಕೂ ಇದೇ ಹಿನ್ನೆಲೆ. ‘ಸುವರು’ ಎಂದರೆ ಮೂಲತಃ ನೆಲದ ಮೇಲೆ ಕೂರುವುದು. ಎತ್ತರದ ಯಾವುದರ ಮೇಲಾದರೂ ಕೂತರೆ ಅದು ‘ಕೊಶಿಕಕೆರು’, ಎಂದರೆ ಸೊಂಟವನ್ನು ತೂಗುಹಾಕುವುದು. ಅಂಗಿಯನ್ನು ಗೂಟಕ್ಕೆ ತೂಗುಹಾಕುವಂತೆ ದೇಹವನ್ನು ಯಾವುದಕ್ಕೋ ತೂಗುಹಾಕಿದ್ದೇವೆಂಬ ಭಾವ! ಈಗಿನ ಮಾತಿನಲ್ಲಿ ಕುರ್ಚಿಗೂ ‘ಸುವರು’ ಎನ್ನುವುದು ಧಾರಾಳವಾಗಿ ನಡೆಯುತ್ತದೆ. ಆದರೆ ‘ಕೊಶಿಕಕೆ’ ಎಂಬ ಅಚ್ಚ ಜಪಾನೀ ಶಬ್ದಕ್ಕೆ ಪೀಠವೆಂಬ ಅರ್ಥದೊಡನೆ, ಬೇರೊಂದು ಒಳ್ಳೆಯದು ಸಿಕ್ಕುವವರೆಗೆ ತಾತ್ಕಾಲಿಕವಾಗಿ ಹಿಡಿದ ನೌಕರಿ ಎಂಬ ಅರ್ಥವೂ ಬೆಳೆದಿದೆ. ನೆಲದ ಮೇಲೆ ಕೂತವನು ಕೂತಂತೆ, ಪೀಠದ ಅಂಚಿನಲ್ಲಿ ಕೂತವನು ಎದ್ದು ಹೋಗುವವನೇ ಎಂಬ ಈ ಶಂಕೆ, ಚಾಪೆಯ ಸಂಸ್ಕೃತಿಯಿಂದಲ್ಲದೆ ಬೇರೆಲ್ಲಿಂದ ಬಂದೀತು?

ನಮ್ಮ ಕಡೆಗೊಮ್ಮೆ ತಿರುಗಿ ನೋಡೋಣ. ಮಣೆ ಕನ್ನಡದ್ದು, ಚಾಪೆ ಮನೆಯದು. ತಟ್ಟೆಯನ್ನಿಡುವ ಅಡ್ಡಣಿಗೆ ನಮ್ಮದು. ಪೀಠ, ಆಸನ, ಮಂಚಗಳು ಸಂಸ್ಕೃತದವಾದರೂ ನಮ್ಮವಾಗಿ ಎಷ್ಟೋ ಕಾಲವಾಯಿತು. ಆದರೆ ಕುರ್ಚಿ? ಅರಬ್ಬಿಯ ‘ಕುರ್ಸೀ’, ಅದಕ್ಕೂ ಹಿಂದೆ ಪಶ್ಚಿಮ ಏಷ್ಯದ ಪ್ರಾಚೀನ ಭಾಷೆಗಳಲ್ಲಿ ಬೇರುಳ್ಳ ಶಬ್ದ, ಪಾರಸಿ ಉರ್ದುಗಳ ದಾರಿಯಲ್ಲಿ ಇಳಿದು, ಮರಾಠಿಯ ‘ಖುರ್ಚೀ’ಯ ಸಹವಾಸದಿಂದಲೋ ಏನೋ ಸಕಾರವನ್ನು ಚಕಾರಕ್ಕೆ ಬದಲಿಸಿಕೊಂಡು ಇಲ್ಲಿ ನೆಲಸಿತು. ಮೇಜು ಪಾರಸಿಯದೋ ಪೋರ್ಚುಗೀಸರದೋ ಎಂದು ವಿದ್ವಾಂಸರು ಜಗ್ಗಾಡಬಹುದು, ನಮ್ಮದಂತೂ ಅಲ್ಲ. ಬೆಂಚು ಸೋಫಾಗಳ ಕುಲವನ್ನು ಕೇಳಬೇಕಾದದ್ದೇ ಇಲ್ಲ. ನೆಲದ ಮಟ್ಟದ ಸಾಮಗ್ರಿಗಳಿಗೆಲ್ಲ ಮನೆಯ ಹೆಸರು, ನೆಲದಿಂದ ಒಂದು ಮೊಳ ಮೇಲಕ್ಕೆದ್ದ ಕೂಡಲೇ ಪರದೇಶದ ಹೆಸರು. ಜಪಾನೀಯರಲ್ಲಿಯೂ ಹಾಗೆಯೇ: ‘ತತಾಮಿ’ ಎಂಬ ಹುಲ್ಲಿನ ನೆಲಹಾಸು ಅಚ್ಚ ಜಪಾನೀ, ‘ಇಸು’ ಚೀನಾದ್ದು, ಟೇಬುರು ಇಂಗ್ಲೆಂಡಿನದು. ಕೀಶ್ನಿಕ್ ಅವರ ಮಾತು ನಿಜವಾದರೆ, ಇಲ್ಲಿಂದ ಭಿಕ್ಷುಗಳ ಬೆನ್ನಿಗೆ ಹೊರಟ ಪೀಠವೊಂದು ಚೀನಾದಲ್ಲಿ ಹೆಸರನ್ನು ಪಡೆದು ಜಪಾನಿನಲ್ಲಿ ‘ಇಸು’ವಾಗಿ ಕೂತಿದೆ, ಅದನ್ನು ಕಳಿಸಿಕೊಟ್ಟ ನಾವು ಮನೆಯಲ್ಲಿ ಮಣೆಯ ಮೇಲೆ ಉಳಿದು, ಶತಮಾನಗಳ ತರುವಾಯ ಅದೇ ವಸ್ತುವನ್ನು ಅರಬ್ಬಿಯ ಹೆಸರಿನಲ್ಲಿ ಹೊಸದೆಂಬಂತೆ ಬರಮಾಡಿಕೊಂಡೆವು.

1868ರಿಂದ ಆರಂಭವಾದ ಮೇಜಿ ಆಳ್ವಿಕೆಯಲ್ಲಿ ಕುರ್ಚಿ ಜಪಾನಿಗೆ ಮೂರನೆಯ ಸಲ, ಈ ಬಾರಿ ಪಾಶ್ಚಾತ್ಯ ವೇಷದಲ್ಲಿ, ಬಂತು. ಅದನ್ನು ಮನೆಗಿಂತ ಮೊದಲು ಒಳಬಿಟ್ಟದ್ದು ಕಚೇರಿ ಮತ್ತು ಶಾಲೆ. ಅದಕ್ಕೆ ಮೊದಲು ಮಕ್ಕಳು ‘ತೆರಕೊಯ’ಗಳಲ್ಲಿ, ನಮ್ಮ ಕೂಲಿಮಠಗಳಂಥ ಖಾಸಗಿ ಪಾಠಶಾಲೆಗಳಲ್ಲಿ, ತಗ್ಗಿನ ಪುಟ್ಟ ಮೇಜುಗಳ ಮುಂದೆ ನೆಲದಲ್ಲಿ ಕುಳಿತು ಕುಂಚದಿಂದ ಅಕ್ಷರ ತಿದ್ದುತ್ತಿದ್ದರು; 1872ರಲ್ಲಿ ಟೋಕಿಯೋದ ಶಿಕ್ಷಕರ ತರಬೇತಿ ಶಾಲೆಗೆ ಬಂದ ಸ್ಕಾಟ್ ಎಂಬ ಅಮೆರಿಕದ ಅಧ್ಯಾಪಕನ ಕಾಲದಿಂದ, ಕರಿಹಲಗೆಯ ಕಡೆಗೆ ಮುಖಮಾಡಿದ ಮೇಜು ಕುರ್ಚಿಗಳ ಸಾಲು ರೂಢಿಗೆ ಬಂತು. ಮನೆಗೆ ಹಿಂತಿರುಗಿದ ಮಗು ಮಾತ್ರ ಮತ್ತೆ ತತಾಮಿಯ ಮೇಲೆಯೇ. ಇದಕ್ಕೆ ತದ್ವಿರುದ್ಧವಾಗಿ, ತತಾಮಿಯನ್ನು ಜಪಾನೀಯರಿಗಿಂತ ಹೆಚ್ಚಾಗಿ ಪ್ರೀತಿಸಿದ ಒಬ್ಬ ಪಾಶ್ಚಾತ್ಯನಿದ್ದ. 1890ರಲ್ಲಿ ಮತ್ಸುಎ ಎಂಬ ಊರಿಗೆ ಅಧ್ಯಾಪಕನಾಗಿ ಬಂದ ಲಫ್ಕಾಡಿಯೊ ಹರ್ನ್ ಅಲ್ಲಿನ ಉಡುಪನ್ನುಟ್ಟು, ಅಲ್ಲಿನ ಹೆಣ್ಣನ್ನು ಮದುವೆಯಾಗಿ, ಮುಂದೆ ಕೊಯ್ಜುಮಿ ಯಕುಮೊ ಎಂಬ ಹೆಸರನ್ನೂ ತಳೆದ. ಬರೆಯುವುದಕ್ಕೆ ಮಾತ್ರ ಅವನಿಗೆ ಕುರ್ಚಿ ಬೇಕಿತ್ತು, ಅದರ ಮುಂದೆ ವಿಶೇಷವಾಗಿ ಮಾಡಿಸಿದ, ಎದೆಯ ಎತ್ತರಕ್ಕೆ ಬರುವ ಮೇಜು. ಹದಿನಾರರಲ್ಲಿ ಎಡಗಣ್ಣನ್ನು ಕಳೆದುಕೊಂಡು ಬಲಗಣ್ಣೂ ತೀರ ಮಂದವಾಗಿದ್ದ ಅವನಿಗೆ, ಬೆನ್ನು ಬಾಗಿಸದೆ ಕಾಗದವನ್ನು ಕಣ್ಣಿನ ಅಂಗುಲದಂಚಿಗೆ ತಂದುಕೊಳ್ಳಲು ಬೇರೆ ಉಪಾಯವಿರಲಿಲ್ಲ. ಮತ್ಸುಎಯ ಸ್ಮಾರಕ ಭವನದಲ್ಲಿ ಆ ಮೇಜೂ ಕುರ್ಚಿಯೂ ಇಂದಿಗೂ ಇವೆ. ನೆಲಕ್ಕೆ ಹತ್ತಿರವಾಗಿ ಬದುಕಬೇಕೆಂಬವನ ಆಸೆಯನ್ನು ಕಣ್ಣು ಒಂದು ಗಜ ಮೇಲಕ್ಕೆ ಎತ್ತಿ ಕೂರಿಸಿತು.

ಮನೆಯೊಳಕ್ಕೆ ಬಂದ ಕುರ್ಚಿಯೂ ನೆಲದ ಮರ್ಯಾದೆಗೆ ತಕ್ಕಂತೆ ತಗ್ಗಬೇಕಾಯಿತು. ಹುಲ್ಲಿನ ಹಾಸಿನ ಮೇಲೆ ಕುರ್ಚಿಯ ಮೊನಚು ಕಾಲುಗಳು ಗುಳಿ ಬೀಳಿಸುತ್ತವೆ. ಆದುದರಿಂದ ಅಲ್ಲಿನ ಬಡಗಿಗಳು ಮುಂಗಾಲು ಹಿಂಗಾಲುಗಳನ್ನು ತಳದಲ್ಲಿ ಉದ್ದನೆಯ ಪಟ್ಟಿಯಿಂದ ಬೆಸೆದು, ಭಾರ ಹಂಚಿಹೋಗುವಂತೆ ಮಾಡಿದರು. ಆ ಪಟ್ಟಿಗೆ ‘ತತಾಮಿಜುರಿ’ ಎಂದು ಹೆಸರು. ದೈಸಾಕು ಚೋ ಎಂಬ ವಿನ್ಯಾಸಕ 1960ರಲ್ಲಿ ರಚಿಸಿದ ಕುರ್ಚಿಯ ಆಸನ ನೆಲದಿಂದ ಕೇವಲ 29 ಸೆಂಟಿಮೀಟರ್ ಎತ್ತರದಲ್ಲಿದೆ. ಅದರಲ್ಲಿ ಕೂತವನ ಕಣ್ಣು, ಪಕ್ಕದಲ್ಲಿ ನೆಲದ ಮೇಲೆ ಕೂತ ಅವನ ತಾಯಿಯ ಕಣ್ಣಿಗೆ ತೀರ ಮೇಲಾಗದು. ಇದರ ಕೊನೆಯ ಮೆಟ್ಟಿಲು ‘ಜಾಇಸು’: ಬೆನ್ನುಂಟು, ಆಸನವುಂಟು, ಕಾಲೇ ಇಲ್ಲ. ಹೊಸಬರಿಗೆ ಇದು ಮುರಿದ ಕುರ್ಚಿಯೆಂದು ತೋರುವುದು ಸಹಜ. ನಮ್ಮ ಮಣೆಗೆ ಯಾರಾದರೂ ಬೆನ್ನು ಹಚ್ಚಿದ್ದರೆ ಇದೇ ಆಗುತ್ತಿತ್ತು, ಯಾರೂ ಹಚ್ಚಲಿಲ್ಲ.

‘ಇಸು’ ಎಂಬ ಶಬ್ದ ಬೇರೆ ಪದಗಳೊಡನೆ ಸೇರಿ ಸಂಸಾರ ಹೂಡುವ ರೀತಿಯನ್ನು ನೋಡುವಾಗ ನಾನು ಪದೇ ಪದೇ ಮುಗುಳ್ನಕ್ಕೆ. ‘ಕುರುಮ’ ಎಂದರೆ ಗಾಲಿ. ‘ಕುರುಮ ಇಸು’ ನಮ್ಮ ಗಾಲಿಕುರ್ಚಿ. ‘ಅನ್ರಕು’ ಎಂದರೆ ಸುಖವಿಶ್ರಾಂತಿ. ‘ಅನ್ರಕು ಇಸು’ ನಮ್ಮ ಆರಾಮಕುರ್ಚಿ. ಮಕ್ಕಳು ಸಂಗೀತ ನಿಂತೊಡನೆ ನುಗ್ಗಿ ಕೂರುವ ಆಟಕ್ಕೆ ಅವರ ಹೆಸರು ‘ಇಸು ತೊರಿ’, ಕುರ್ಚಿ ಕಸಿಯುವುದು; ನಾವು ಸಂಗೀತಕ್ಕೆ ಗೌರವ ಕೊಟ್ಟು ಸಂಗೀತ ಕುರ್ಚಿಯೆಂದೆವು, ಅವರು ಉಳಿದ ಸತ್ಯವನ್ನು ಹೇಳಿದರು. ದೊಡ್ಡವರೂ ಆಡುವ ಆಟವಾದುದರಿಂದ ‘ಇಸು’ವಿಗೆ ಅಲ್ಲಿಯೂ ಪದವಿ, ಅಧಿಕಾರಸ್ಥಾನ ಎಂಬ ಅರ್ಥವಿದೆ, ಮಂತ್ರಿಯ ಇಸು, ಅಧ್ಯಕ್ಷನ ಇಸು, ಅದಕ್ಕಾಗಿ ಹೋರಾಟ ಎಂಬ ಮಾತುಗಳನ್ನು ಅವರ ಪತ್ರಿಕೆಗಳಲ್ಲಿ ಓದುವ ಕನ್ನಡಿಗನಿಗೆ ನಿಘಂಟು ಬೇಡ. ಈ ಶಬ್ದಕ್ಕೆ ಕತ್ತಲೆಯ ಮುಖವನ್ನು ಕೊಟ್ಟವನು ಎದೊಗಾವ ರಂಪೊ. 1925ರ ಅವನ ‘ನಿಂಗೆನ್ ಇಸು’, ಎಂದರೆ ಮಾನವ ಕುರ್ಚಿ, ಎಂಬ ಕಥೆಯಲ್ಲಿ ಕುರೂಪಿಯಾದ ಕುಶಲಕರ್ಮಿಯೊಬ್ಬ ತಾನೇ ಕಟ್ಟಿದ ಭಾರಿ ಸುಖಾಸನದ ಒಡಲೊಳಗೆ ಅಡಗಿ, ತನ್ನ ಮೇಲೆ ಕೂರುವವರ ಭಾರವನ್ನು ಮೌನವಾಗಿ ಹೊತ್ತುಕೊಂಡಿರುತ್ತಾನೆ. ಮನೆಯಲ್ಲಿ ಇನ್ನೂ ಪರಕೀಯವಾಗಿದ್ದ, ಒಳಗೇನಿದೆಯೋ ತಿಳಿಯದ ಆ ದಪ್ಪ ಮೆತ್ತೆಯ ಪಾಶ್ಚಾತ್ಯ ಸಾಮಗ್ರಿಯ ಬಗ್ಗೆ ಜನರಿಗಿದ್ದ ಒಳ ಅಳುಕನ್ನೇ ಅವನು ಕಥೆಯಾಗಿಸಿದನೆಂದು ನನ್ನ ಊಹೆ. ತತಾಮಿಯೊಳಗೆ ಯಾರೂ ಅಡಗಲಾರರು.

ಇನ್ನುಳಿದದ್ದು ಎಣಿಕೆ. ನಾವು ಜನರನ್ನು ಇಬ್ಬರು ಮೂವರು ಎಂದೂ ವಸ್ತುಗಳನ್ನು ಎರಡು ಮೂರು ಎಂದೂ ಎಣಿಸಿ ತೃಪ್ತರಾಗುತ್ತೇವೆ. ಜಪಾನೀಯರು ವಸ್ತುವಿನ ಆಕಾರಕ್ಕೂ ಜಾತಿಗೂ ತಕ್ಕಂತೆ ಬೇರೆ ಬೇರೆ ಎಣಿಕೆಯ ಪದಗಳನ್ನು ಹಚ್ಚುತ್ತಾರೆ. ಚಪ್ಪಟೆಯಾದ ಕಾಗದಕ್ಕೊಂದು, ಉದ್ದನೆಯ ಲೇಖನಿಗೊಂದು, ಪುಸ್ತಕಕ್ಕೊಂದು. ಸಾಮಾನ್ಯ ಮಾತಿನಲ್ಲಿ ಕುರ್ಚಿಯನ್ನು ಸಾದಾ ರೀತಿಯಲ್ಲಿ ಎಣಿಸಿದರೂ ನಡೆದೀತು, ಆದರೆ ಲಕ್ಷಣವಾಗಿ ಎಣಿಸಬೇಕೆಂಬವರು ‘ಕ್ಯಾಕು’ ಎಂಬ ಪದವನ್ನು ಬಳಸುತ್ತಾರೆ. ಕ್ಯಾಕು ಎಂದರೆ ಕಾಲು. ಒಂದು ಕುರ್ಚಿ ‘ಇಕ್ಕ್ಯಾಕು’, ಒಂದು ಕಾಲು. ಎರಡು ಕುರ್ಚಿ ‘ನಿಕ್ಯಾಕು’, ಎರಡು ಕಾಲು. ನಾಲ್ಕು ಕಾಲಿನ ವಸ್ತುವನ್ನು ಒಂದೇ ಕಾಲೆಂದು ಎಣಿಸುವ ಈ ಲೆಕ್ಕ ನನಗೆ ಬಹುದಿನ ಹಿಡಿಸಲಿಲ್ಲ.

ನಮ್ಮ ಮನೆಯ ಪಡಸಾಲೆಯಲ್ಲಿ ಅಜ್ಜನ ಕಾಲದ ಬೀಟೆಯ ಕುರ್ಚಿಯೊಂದಿದೆ. ಅವನು ಪಂಚಾಯಿತಿಯಲ್ಲಿ ಕಾಲು ಮಡಿಸಿ ಕೂತದ್ದನ್ನು ಕಂಡು, ಮನೆಯಲ್ಲಿಯೂ ಒಂದಿರಲಿ ಎಂದು ನನ್ನ ತಂದೆ ಮಾಡಿಸಿದ್ದು. ಅಜ್ಜ ಅದರ ಮೇಲೆ ಪಂಚಾಂಗವನ್ನೂ ಕನ್ನಡಕವನ್ನೂ ಇಟ್ಟು, ತಾನು ಪಕ್ಕದಲ್ಲಿ ಮಣೆ ಹಾಕಿಕೊಂಡು ಕೂರುತ್ತಿದ್ದ. ಅದರ ಹಿಂದಿನ ಎಡಗಾಲನ್ನು ಗೆದ್ದಲು ತಿಂದು ಎಷ್ಟೋ ವರ್ಷವಾಯಿತು. ಆ ಜಾಗದಲ್ಲಿ ಎರಡು ಇಟ್ಟಿಗೆಗಳಿವೆ, ಮೇಲಿನದರ ಅಂಚು ಒರಗಿ ಒರಗಿ ನುಣುಪಾಗಿದೆ. ಎಣಿಕೆಯ ಪಾಠವಾದ ದಿನ ಸಂಜೆ ಅದರ ಮುಂದೆ ನಿಂತು ಅಭ್ಯಾಸಕ್ಕೆಂದು ಎಣಿಸಲು ಹೊರಟು ಗೊಂದಲಕ್ಕೆ ಸಿಕ್ಕಿದೆ. ಕುರ್ಚಿ ಒಂದಾದುದರಿಂದ ‘ಇಕ್ಕ್ಯಾಕು’ ಎನ್ನಬೇಕು, ಸರಿ. ಆದರೆ ‘ಸಂಕ್ಯಾಕು’ ಎಂಬ ಪದಕ್ಕೆ ಮೂರು ಕುರ್ಚಿಗಳೆಂಬ ಅರ್ಥವಿರುವಂತೆಯೇ, ಛಾಯಾಚಿತ್ರಗಾರರು ಬಳಸುವ ಮೂರು ಕಾಲಿನ ಆಧಾರವೆಂಬ ಅರ್ಥವೂ ಉಂಟೆಂದು ಅಂದೇ ಕಲಿತಿದ್ದೆ. ಮರುದಿನ ತರಗತಿಯಲ್ಲಿ ಈ ಸಂಶಯವನ್ನು ಎತ್ತಿದೆ. ಅಧ್ಯಾಪಿಕೆ ಸ್ವಲ್ಪ ಹೊತ್ತು ಯೋಚಿಸಿ, ಇಟ್ಟಿಗೆ ಎಷ್ಟು ಎಂದು ಕೇಳಿದರು.